ಯಂತ್ರ ಹೋದರೂ ಅಕ್ಷರ ಉಳಿಯಲಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಕಡೆಯಿಂದ ಹಳೆಯ ವಿದ್ಯಾರ್ಥಿಗಳು ಬಂದಿದ್ದೀರಿ. ಸಮಿತಿಯವರು ನನಗೆ 'ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡು' ಎಂದರು. ಕಂಪ್ಯೂಟರ್ ಎಂದ ಕೂಡಲೆ ಎಲ್ಲರೂ ಮುಂದೆ ಬರುವ ಕಾಲದ ಮಾತು ಕೇಳಲು ಕಾಯುತ್ತಾರೆ. ನಾನು ಹಿಂದೆ ಹೋದ ಕಾಲದ ಮಾತು ಹೇಳಲು ಬಂದಿದ್ದೇನೆ. ಹೊಟ್ಟೆಪಾಡಿಗೆ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ರಜೆಯ ದಿನ ಮಾಡುವ ಕೆಲಸ ಬೇರೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ಜಪಾನಿನಲ್ಲಿ ತಯಾರಾದ ಕಂಪ್ಯೂಟರ್ ಆಟಗಳನ್ನು ಇಂದಿನ ಲ್ಯಾಪ್‌ಟಾಪಿನಲ್ಲಿ ಓಡಿಸುವುದು. ನಮ್ಮವ್ವ ಇದನ್ನು ನೋಡಿದಾಗಲೆಲ್ಲ 'ತಮ್ಮಾ, ತಲಿ ಬೆಳ್ಳಗಾದ್ರೂ ನಿನ್ನ ಆಟ ಬಿಡಲಿಲ್ಲಲ್ಲೋ' ಎನ್ನುತ್ತಾಳೆ. ಅವಳು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಆ ಆಟದಿಂದ ನಮ್ಮ ಶಾಲೆಗೆ ಏನು ಬಂತು ಎಂಬುದನ್ನು ಅವಳಿಗೂ ನಿಮಗೂ ಇವತ್ತು ಹೇಳಬೇಕು.

ನಮ್ಮ ವಯಸ್ಸಿನವರಿಗೆ ಜಪಾನಿನ ಆಟ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿ ಆಡುವ 'ಟಿವಿ ಗೇಮ್' ನೆನಪಿದೆಯಲ್ಲ? ಗಜೇಂದ್ರಗಡದ ಪೇಟೆಯಲ್ಲಿ ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಹಳದಿ ಬಣ್ಣದ 'ಕ್ಯಾಸೆಟ್', ಅದರ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂಬ ಬರಹ, ಒಳಗೆ ನೋಡಿದರೆ ಅವೇ ಹತ್ತಿಪ್ಪತ್ತು ಆಟ. ಮಾರಿಯೋ, ಕಾಂಟ್ರಾ, ಮತ್ತೆ ನಾವು 'ಟ್ಯಾಂಕ್' ಎನ್ನುತ್ತಿದ್ದ ಬ್ಯಾಟಲ್ ಸಿಟಿ. ಆ ಯಂತ್ರ ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು. ಟ್ಯಾಂಕ್ ಆಟ 1985ರಲ್ಲಿ ನಾಮ್ಕೊ ಕಂಪನಿಯಿಂದ ಬಂತು. ಮಾರಿಯೋ ಕೂಡ ಅದೇ ವರ್ಷದ್ದು. ಅಂದರೆ ಟೋಕಿಯೋದ ಹುಡುಗರು ಆಡಿದ ಆಟವನ್ನೇ ಹತ್ತು ವರ್ಷ ತಡವಾಗಿ ನಾವೂ ಆಡಿದೆವು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಹೇಳುತ್ತೇನೆ. ಇಡೀ ಮಾರಿಯೋ ಆಟ 40 ಕಿಲೋಬೈಟ್ ಮಾತ್ರ. ಇವತ್ತು ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ 4 ಮೆಗಾಬೈಟ್ ಇದ್ದರೆ, ಆ ಒಂದು ಫೋಟೋದ ಜಾಗದಲ್ಲಿ ನೂರು ಮಾರಿಯೋ ಹಿಡಿಸುತ್ತವೆ. ಅಷ್ಟು ಇಕ್ಕಟ್ಟಿನಲ್ಲಿ ಅವರು ಸಂಸಾರ ಮಾಡಿದ್ದು ಹೇಗೆ? ಆಟದಲ್ಲಿ ಮೇಲೆ ಕಾಣುವ ಬಿಳಿ ಮೋಡ, ಕೆಳಗೆ ಕಾಣುವ ಹಸಿರು ಪೊದೆ ಎರಡೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಒಂದೇ ಸೀರೆಯನ್ನು ಅಕ್ಕ ತಂಗಿ ಇಬ್ಬರೂ ಉಟ್ಟು ಮದುವೆ ಮುಗಿಸಿದ ಹಾಗೆ.

ಈಗ ಆ ಯಂತ್ರ ಎಲ್ಲಿದೆ? ನಿಂಟೆಂಡೊ 2003ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಜಪಾನಿನಲ್ಲಿ ಎನ್‌ಇಸಿ ಕಂಪನಿಯ ಪಿಸಿ-98 ಎಂಬ ಇನ್ನೊಂದು ಕಂಪ್ಯೂಟರ್ ಇತ್ತು. 1982ರಲ್ಲಿ ಬಂದು ಒಂದು ದಶಕಕ್ಕೂ ಹೆಚ್ಚು ಕಾಲ ಆ ದೇಶದ ಕಚೇರಿ, ಮನೆಗಳನ್ನು ಆಳಿತು. ಅದರ ಕಥೆಯೂ 2003ರಲ್ಲೇ ಮುಗಿಯಿತು. ಅದಕ್ಕೆಂದೇ ಬರೆದ ಎಷ್ಟೋ ಆಟಗಳು ಬೇರೆ ಯಾವ ಕಂಪ್ಯೂಟರಿನಲ್ಲೂ ಓಡುವುದಿಲ್ಲ. ಆಟ ಫ್ಲಾಪಿಯಲ್ಲಿದೆ, ಫ್ಲಾಪಿಯನ್ನು ಓದುವ ಯಂತ್ರ ಸತ್ತಿದೆ. ಆಗ ಏನು ಮಾಡುವುದು?

ಇಲ್ಲಿಗೆ ಬರುತ್ತದೆ ವರ್ಚುವಲ್ ಮಷೀನ್. ಹೆಸರು ದೊಡ್ಡದು, ವಿಷಯ ಸರಳ. ನಮ್ಮೂರ ದೊಡ್ಡಾಟದಲ್ಲಿ ರಾವಣನ ಪಾತ್ರ ಕಟ್ಟುವವನು ಯಾರು? ನಮ್ಮ ಪಕ್ಕದ ಹೊಲದ ರೈತ. ಕಿರೀಟ, ಭುಜಕೀರ್ತಿ ಕಟ್ಟಿ ಅಟ್ಟದ ಮೇಲೆ ಬಂದನೆಂದರೆ ಬೆಳಗಿನ ತನಕ ಅವನು ರಾವಣನೇ. ಸೀತೆಯ ಪಾತ್ರದವರು ಅವನನ್ನು ರಾವಣನೆಂದೇ ಮಾತಾಡಿಸುತ್ತಾರೆ, ಸಾರಥಿಯೂ ಹಾಗೆಯೇ. ಬೆಳಗಾದ ಮೇಲೆ ವೇಷ ಕಳಚಿ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಾನೆ. ವರ್ಚುವಲ್ ಮಷೀನ್ ಎಂದರೆ ಅಷ್ಟೇ. ಇಂದಿನ ಕಂಪ್ಯೂಟರ್ ತನ್ನೊಳಗೆ 1998ರ ಕಂಪ್ಯೂಟರಿನ ವೇಷ ಕಟ್ಟುತ್ತದೆ. ಅಷ್ಟೇ ಸಣ್ಣ ಮೆಮೊರಿ, ಅದೇ ಹಳೆಯ ಡಿಸ್ಕ್, ಅದೇ ಹಳೆಯ ಪರದೆ. ಅದರೊಳಗೆ ಕುಳಿತ ಆಟ 'ನಾನು ನನ್ನ ಮನೆಯಲ್ಲೇ ಇದ್ದೇನೆ' ಎಂದು ನಂಬಿ ಓಡುತ್ತದೆ. ಕೆಲಸ ಮುಗಿದ ಮೇಲೆ ಕಿಟಕಿ ಮುಚ್ಚಿದರೆ ಲ್ಯಾಪ್‌ಟಾಪ್ ಮತ್ತೆ ಇಂದಿನ ಲ್ಯಾಪ್‌ಟಾಪೇ.

ಇದರಲ್ಲಿ ಎರಡು ಬಗೆ. ಹಳೆಯ ವಿಂಡೋಸ್ ಓಡುತ್ತಿದ್ದ ಪ್ರೊಸೆಸರಿನ ವಂಶದ್ದೇ ಇಂದಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲೂ ಇದೆ. ಒಂದೇ ಮನೆತನವಾದ್ದರಿಂದ ವೇಷ ಕಟ್ಟುವುದು ಸುಲಭ. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ 2007ರಿಂದ ಈ ಕೆಲಸ ಮಾಡುತ್ತಿದೆ. ಫ್ಯಾಮಿಕಾಮ್ ಹಾಗಲ್ಲ, ಅದರ ಪ್ರೊಸೆಸರಿನ ಮನೆತನವೇ ಬೇರೆ. ಅಲ್ಲಿ ಹಳೆಯ ಪ್ರೊಸೆಸರಿನ ಪ್ರತಿಯೊಂದು ಆಜ್ಞೆಯನ್ನೂ ಹೊಸ ಪ್ರೊಸೆಸರಿಗೆ ತಿಳಿಯುವ ಹಾಗೆ ಅನುವಾದ ಮಾಡುತ್ತಾ ಹೋಗಬೇಕು. ಅದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. 2002ರಲ್ಲಿ ಬಂದ ಡಾಸ್‌ಬಾಕ್ಸ್ ಇಂಥದ್ದೇ. ಅದರ ಕವಲಾದ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಪಿಸಿ-98ರ ವೇಷವೂ ಇದೆ.

ಹೇಳಿದಷ್ಟು ಸುಲಭವಾಗಿ ಆಟ ಓಡುತ್ತದೆ ಎಂದುಕೊಳ್ಳಬೇಡಿ. ಕೆಲವು ಆಟಗಳು ಯಂತ್ರದ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದವು. ಹೊಸ ಯಂತ್ರದಲ್ಲಿ ಅವು ಕಣ್ಣು ಮಿಟುಕಿಸುವುದರೊಳಗೆ ಓಡಿ ಮುಗಿಯುತ್ತವೆ, ಬೇಕೆಂದೇ ವೇಗ ತಗ್ಗಿಸಬೇಕು. ಕೆಲವು 256 ಬಣ್ಣದ ಪರದೆಯನ್ನೇ ಕೇಳುತ್ತವೆ. ಕೆಲವಕ್ಕೆ ಚಿತ್ರ ಬಂದರೂ ದನಿ ಬರುವುದಿಲ್ಲ. ಇವೆಲ್ಲವನ್ನೂ ತಾಳ್ಮೆಯಿಂದ ಬಗೆಹರಿಸಬಹುದು. ಎಲ್ಲಕ್ಕಿಂತ ಕಾಡುವುದು ಅಕ್ಷರ. ನನ್ನ ಮಾತಿನ ತಿರುಳು ಇಲ್ಲೇ ಇದೆ.

ಜಪಾನಿ ಭಾಷೆಗೆ ಸಾವಿರಾರು ಅಕ್ಷರಗಳು. ಕಾಂಜಿ ಎಂಬ ಆ ಅಕ್ಷರವೊಂದನ್ನು ಪರದೆಯ ಮೇಲೆ ಓದುವಂತೆ ಬಿಡಿಸಲು ಅಡ್ಡ ಹದಿನಾರು, ಉದ್ದ ಹದಿನಾರು ಚುಕ್ಕಿಗಳಾದರೂ ಬೇಕು. ಅಮೆರಿಕದಿಂದ ಬಂದ ಅಂದಿನ ಕಂಪ್ಯೂಟರ್ ಇಂಗ್ಲಿಷಿಗೆ ತಕ್ಕಂತೆ ಮಾಡಿದ್ದು, ಅದಕ್ಕೆ ಈ ಭಾರ ಹೊರಲು ಆಗಲಿಲ್ಲ. ಪಿಸಿ-98ರಲ್ಲಿ ಕಾಂಜಿ ಅಕ್ಷರಗಳನ್ನೇ ತುಂಬಿದ ಬೇರೆ ಚಿಪ್ ಇಟ್ಟರು. ಅದು ಗೆದ್ದದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ನಮ್ಮ ಕಥೆಯೂ ಹೀಗೆಯೇ ಆಯಿತು. ಎಂಬತ್ತರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಎಂಬ ಹಲಗೆಯನ್ನು ಕಂಪ್ಯೂಟರಿನ ಹೊಟ್ಟೆಗೆ ಸಿಕ್ಕಿಸಿದರೆ ಮಾತ್ರ ಡಾಸ್ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ನಾವೂ ಜಪಾನಿನವರೂ ಒಂದೇ ಕಷ್ಟವನ್ನು ಒಂದೇ ಉಪಾಯದಿಂದ ದಾಟಿದವರು.

ಹಳೆಯ ಜಪಾನಿ ಆಟವನ್ನು ಇಂಗ್ಲಿಷ್ ವಿಂಡೋಸಿನಲ್ಲಿ ತೆರೆದರೆ ಮಾತುಗಳೆಲ್ಲ ಕಲಸುಮೇಲೋಗರ. ಇದಕ್ಕೆ ಅವರ ಭಾಷೆಯಲ್ಲಿ 'ಮೊಜಿಬಾಕೆ' ಎಂಬ ಪದವೇ ಇದೆ. 'ಮೊಜಿ' ಎಂದರೆ ಅಕ್ಷರ, 'ಬಾಕೆ' ಎಂದರೆ ರೂಪ ಬದಲಿಸುವುದು. ದೆವ್ವ ರೂಪ ಬದಲಿಸುವುದಕ್ಕೂ ಅವರು ಅದೇ ಧಾತುವನ್ನು ಬಳಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಪದವಿಲ್ಲದಿದ್ದರೂ ಅನುಭವ ಎಲ್ಲರಿಗೂ ಇದೆ. ಹತ್ತು ಹದಿನೈದು ವರ್ಷದ ಹಿಂದಿನ ನುಡಿ ಅಥವಾ ಬರಹ ಕಡತವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ, ಚುಕ್ಕಿ ಹಚ್ಚಿದ ಹಾಗೆ ಕಾಣುತ್ತದೆ. ಕಾರಣ ಇಷ್ಟೇ. ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರ ಕೂಡಿಸಿದ್ದವು. ಮನೆಯ ಹೆಸರು ಇಂಗ್ಲಿಷಿನದು, ಒಳಗೆ ಇರುವವರು ಕನ್ನಡದವರು. ಫಾಂಟ್ ಹೋದರೆ ಕನ್ನಡದವರು ಮನೆ ಬಿಟ್ಟ ಹಾಗೆ.

ಆ ಕೆಲಸ ಮಾಡಿದವರನ್ನು ನಾನು ಹಳಿಯುತ್ತಿಲ್ಲ. ಕೆ. ಪಿ. ರಾವ್ ಅವರು ಕನ್ನಡದ ಎಲ್ಲ ಅಕ್ಷರಗಳನ್ನೂ ಸಣ್ಣ ಕೀಲಿಮಣೆಯಲ್ಲಿ ಹಿಡಿಸಿ ತೋರಿಸಿದರು. ಶೇಷಾದ್ರಿವಾಸು ಅವರು 1998ರಲ್ಲಿ ಬರಹ ತಂತ್ರಾಂಶ ಕೊಟ್ಟರು. ಕನ್ನಡ ಗಣಕ ಪರಿಷತ್ತು ನುಡಿ ಕೊಟ್ಟಿತು. ಇವರು ಇಲ್ಲದಿದ್ದರೆ ನಮ್ಮ ಕಚೇರಿ, ಶಾಲೆ, ಪತ್ರಿಕೆಗಳಲ್ಲಿ ಕಂಪ್ಯೂಟರ್ ಕನ್ನಡ ಕಲಿಯುವುದಕ್ಕೆ ಇನ್ನೂ ಎಷ್ಟು ಕಾಲ ಹಿಡಿಯುತ್ತಿತ್ತೋ. ಕನ್ನಡಕ್ಕೆ ತನ್ನದೇ ಮನೆಗಳನ್ನು ಕೊಟ್ಟ ಯೂನಿಕೋಡ್ 1991ರಲ್ಲೇ ಬಂದಿದ್ದರೂ ಅದು ನಮ್ಮ ಮೇಜಿನ ಮೇಲಿನ ಯಂತ್ರಗಳಿಗೆ ಇಳಿದು ಬರಲು ಹತ್ತು ವರ್ಷದ ಮೇಲಾಯಿತು. ಆ ನಡುವಿನ ಕಾಲದಲ್ಲಿ ಬರೆದಿಟ್ಟದ್ದೇ ಇಂದು ಅಪಾಯದಲ್ಲಿದೆ.

ಈ ಅಪಾಯದ ತೂಕ ತಿಳಿಯಲು ನಮ್ಮ ನೆಲವನ್ನೇ ನೋಡೋಣ. ಸೂಡಿಯ ಶಾಸನಗಳು ಸಾವಿರ ವರ್ಷ ಬಿಸಿಲು ಮಳೆ ಕಂಡಿವೆ. ಎಲ್. ಡಿ. ಬಾರ್ನೆಟ್ ಅವರು ಅವನ್ನು ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಇಂದಿಗೂ ಓದಬಹುದು. ಕಲ್ಲು ಅದೃಷ್ಟದ್ದು, ಓದಲು ಕಣ್ಣು ಮತ್ತು ಲಿಪಿಜ್ಞಾನ ಸಾಕು. ಇನ್ನೊಂದು ಉದಾಹರಣೆ ನಮ್ಮ ರೋಣ ತಾಲ್ಲೂಕಿನ ಸವಡಿಯದು. ಹಿಂದೆ ಅದಕ್ಕೆ ಸಯ್ಯಡಿ ಎಂದು ಹೆಸರು. ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ಅಲ್ಲಿಯವನು. ಸುಮಾರು 1031ರಲ್ಲಿ ಅವನು ಕನ್ನಡದಲ್ಲಿ ಪಂಚತಂತ್ರ ಬರೆದ. ವಸುಭಾಗ ಭಟ್ಟನ ಸಂಸ್ಕೃತ ಪಂಚತಂತ್ರವನ್ನು ನೋಡಿ ಬರೆದೆ ಎಂದು ಅವನೇ ಹೇಳಿದ್ದಾನೆ. ವಸುಭಾಗನ ಆ ಸಂಸ್ಕೃತ ಗ್ರಂಥ ಇಂದು ಸಿಕ್ಕಿಲ್ಲ. ಮೂಲ ಹೋಯಿತು, ಸಯ್ಯಡಿಯ ಬ್ರಾಹ್ಮಣ ಅದನ್ನು ತನ್ನ ಕಾಲದ ನುಡಿಗೆ ಇಳಿಸಿದ್ದರಿಂದ ಆ ಪಾಠದ ಕಥೆಗಳು ನಮಗೆ ಉಳಿದವು. ಆಮೇಲೆ ಓಲೆಗರಿ ಹಳತಾದಂತೆ ಮತ್ತೊಬ್ಬರು ಹೊಸ ಗರಿಗೆ ನಕಲು ಮಾಡಿದರು. ಕೊನೆಗೆ ಅಚ್ಚಿನ ಪುಸ್ತಕವಾಯಿತು. ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಕುಳಿತು ಹಳೆಯದನ್ನು ಹೊಸದಕ್ಕೆ ದಾಟಿಸಿದ್ದಾರೆ. ಒಂದು ತಲೆಮಾರು ಬಿಟ್ಟಿದ್ದರೂ ದುರ್ಗಸಿಂಹನೂ ವಸುಭಾಗನ ದಾರಿ ಹಿಡಿಯುತ್ತಿದ್ದ. ನಮ್ಮ ತಲೆಮಾರಿನ ಪಾಳಿ ಈಗ ಬಂದಿದೆ.

ಈಗ ನಮ್ಮ ಶಾಲೆಯ ಮಾತು. 1999ರಲ್ಲಿ ಬೆಳ್ಳಿಹಬ್ಬವಾದಾಗ ಒಂದು ಸಂಚಿಕೆ ತಂದೆವು. ಅಂದು ಇಲ್ಲಿದ್ದ ಕನ್ನಡ ಗುರುಗಳು ಸೈಕಲ್ ಹೊಡೆದುಕೊಂಡು ಸುತ್ತಲಿನ ಹಳ್ಳಿಗಳಿಗೆ ಹೋಗಿ, ಹೆಣ್ಣುಮಕ್ಕಳಿಂದ ಬೀಸುವ ಪದ, ಸೋಬಾನೆ ಪದ, ಜೋಗುಳ ಬರೆದುಕೊಂಡು ಬಂದಿದ್ದರು. ನಮ್ಮಂಥ ವಿದ್ಯಾರ್ಥಿಗಳೂ ಅವರ ಹಿಂದೆ ಹೋಗಿ ಬರೆದದ್ದುಂಟು. ಗದಗು ಮುದ್ರಣದ ಊರು. ಅಲ್ಲಿಯ ಒಂದು ಡಿಟಿಪಿ ಕೇಂದ್ರದಲ್ಲಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದರು. ಪುಟ ಹೆಚ್ಚಾದರೆ ಖರ್ಚು ಹೆಚ್ಚು ಎಂದು ಅರ್ಧದಷ್ಟು ಪದಗಳನ್ನು ಸಂಚಿಕೆಯಿಂದ ಬಿಡಬೇಕಾಯಿತು. ಗುರುಗಳು ಇಂದು ನಮ್ಮೊಂದಿಗಿಲ್ಲ. ಅವರ ಕೈಬರಹದ ನೋಟುಪುಸ್ತಕಗಳು ಗೆದ್ದಲಿಗೆ ಆಹಾರವಾದವು ಎಂದು ಮನೆಯವರು ಹೇಳಿದರು.

ಹೋದ ವರ್ಷ ಮಹೋತ್ಸವದ ತಯಾರಿಗೆ ಕಚೇರಿಯ ತಿಜೋರಿ ತೆರೆದಾಗ, ಹಳೆಯ ಹಾಜರಿ ಪುಸ್ತಕಗಳ ಕೆಳಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಐದು ಫ್ಲಾಪಿ ಸಿಕ್ಕವು. ಮುಖ್ಯೋಪಾಧ್ಯಾಯರು ನನಗೆ ಫೋನ್ ಮಾಡಿ, 'ಇವನ್ನು ಒಗೆಯೋದೋ ಇಡೋದೋ?' ಎಂದು ಕೇಳಿದರು. ಈಗಿನ ಹುಡುಗರಿಗೆ ಫ್ಲಾಪಿ ಗೊತ್ತಿಲ್ಲ. ಅಂಗೈಯಗಲದ ಚೌಕ ಡಬ್ಬಿ, 1.44 ಮೆಗಾಬೈಟ್ ಹಿಡಿಯುತ್ತದೆ, ನಿಮ್ಮ ಒಂದು ಫೋಟೋ ಅದರಲ್ಲಿ ಹಿಡಿಸುವುದು ಕಷ್ಟ. ಸೋನಿ ಕಂಪನಿ 2011ರಲ್ಲಿ ಅದರ ಮಾರಾಟ ನಿಲ್ಲಿಸಿತು. ಜಪಾನ್ ಸರಕಾರ ಮಾತ್ರ ಕೆಲವು ಅರ್ಜಿಗಳನ್ನು ಫ್ಲಾಪಿಯಲ್ಲೇ ಕೊಡಬೇಕೆಂಬ ನಿಯಮವನ್ನು ಪೂರ್ತಿ ತೆಗೆದದ್ದು 2024ರಲ್ಲಿ.

ಜಪಾನಿನ ಆಟಗಳನ್ನು ಉಳಿಸುವಾಗ ಕಲಿತ ರೀತಿಯಲ್ಲೇ ಈ ಕೆಲಸ ಮಾಡಿದೆ. ಟೋಕಿಯೋದಲ್ಲಿ 2011ರಲ್ಲಿ ಆರಂಭವಾದ ಗೇಮ್ ಪ್ರಿಸರ್ವೇಷನ್ ಸೊಸೈಟಿ ಎಂಬ ಸಂಸ್ಥೆ ಹಳೆಯ ಆಟಗಳ ಫ್ಲಾಪಿಗಳನ್ನು ಜೋಪಾನ ಮಾಡುತ್ತದೆ. ಇಂಥ ಕೆಲಸದಲ್ಲಿರುವವರ ಮೊದಲ ಪಾಠ: ಮೂಲದ ಮೇಲೆ ಕೆಲಸ ಮಾಡಬೇಡ. ಫ್ಲಾಪಿಯ ಮೂಲೆಯ ಸಣ್ಣ ಗುಂಡಿಯನ್ನು ಸರಿಸಿದರೆ ಅದರ ಮೇಲೆ ಹೊಸದಾಗಿ ಏನೂ ಬರೆಯಲು ಬರುವುದಿಲ್ಲ. ಮೊದಲು ಅದು. ಆಮೇಲೆ ಒಳಗಿನ ಹಾಳೆಗೆ ಬೂಷ್ಟು ಹಿಡಿದಿದೆಯೇ ನೋಡುವುದು. ಆಮೇಲೆ ಯುಎಸ್‌ಬಿಗೆ ಹಚ್ಚುವ ಫ್ಲಾಪಿ ಡ್ರೈವಿನಲ್ಲಿ ಹಾಕಿ, ಇಡೀ ಫ್ಲಾಪಿಯ ತದ್ರೂಪು ಪ್ರತಿ ತೆಗೆಯುವುದು. ಇದಕ್ಕೆ ಇಮೇಜ್ ಎನ್ನುತ್ತಾರೆ. ಮುಂದಿನದೆಲ್ಲ ಆ ಪ್ರತಿಯ ಮೇಲೆಯೇ.

ಐದರಲ್ಲಿ ಒಂದು ಓದಲೇ ಇಲ್ಲ. ನಾಲ್ಕು ಓದಿದವು. ಕಡತಗಳು ಪೇಜ್‌ಮೇಕರ್ ತಂತ್ರಾಂಶದವು. ಅಂದು ಕನ್ನಡದ ಡಿಟಿಪಿ ಎಂದರೆ ಪೇಜ್‌ಮೇಕರ್. 2001ರ ನಂತರ ಅದರ ಹೊಸ ಆವೃತ್ತಿ ಬರಲಿಲ್ಲ, ಈಗಿನ ಬಹುಪಾಲು ತಂತ್ರಾಂಶಗಳು ಅದನ್ನು ನೇರವಾಗಿ ತೆರೆಯುವುದಿಲ್ಲ. ಆಟಕ್ಕೆಂದು ಕಟ್ಟಿಕೊಂಡಿದ್ದ ವಿಂಡೋಸ್ 98ರ ವರ್ಚುವಲ್ ಮಷೀನ್ ನನ್ನಲ್ಲಿ ಇದ್ದೇ ಇತ್ತು. ಗೆಳೆಯರೊಬ್ಬರು ಪೇಜ್‌ಮೇಕರಿನ ತಮ್ಮ ಹಳೆಯ ಸಿಡಿ ತಂದುಕೊಟ್ಟರು. ಕಡತ ತೆರೆಯಿತು, ಆದರೆ ಪರದೆಯ ತುಂಬ ಮೊಜಿಬಾಕೆ! ಆ ಕಾಲದ ಫಾಂಟ್ ಎಲ್ಲಿ ಹುಡುಕುವುದು? ಓದಿದ ಫ್ಲಾಪಿಗಳಲ್ಲೊಂದನ್ನು ನೋಡಿದರೆ, ಡಿಟಿಪಿ ಮಾಡಿದ ಆ ಪುಣ್ಯಾತ್ಮ ಫಾಂಟ್ ಕಡತವನ್ನೂ ಅದರಲ್ಲೇ ಹಾಕಿಟ್ಟು, ಚೀಟಿಯ ಮೇಲೆ ಪೆನ್ಸಿಲ್‌ನಿಂದ 'ಅಕ್ಷರ' ಎಂದು ಬರೆದಿದ್ದ. ಅವನು ಯಾರೋ ನನಗೆ ಗೊತ್ತಿಲ್ಲ. ಈ ಸಭೆಯಲ್ಲಿದ್ದರೆ ಎದ್ದು ನಿಲ್ಲಲಿ, ನಾನು ಕಾಲಿಗೆ ಬೀಳುತ್ತೇನೆ.

ಫಾಂಟ್ ಹಾಕಿದ ಮೇಲೆ ಕನ್ನಡ ಮೂಡಿತು. ಸಂಚಿಕೆಯಲ್ಲಿ ಅಚ್ಚಾಗದೆ ಉಳಿದ ಅರವತ್ತಕ್ಕೂ ಹೆಚ್ಚು ಪದಗಳು. ಪ್ರತಿ ಪದದ ಕೆಳಗೆ ಹಾಡಿದ ತಾಯಿಯ ಹೆಸರು, ಊರು, ವಯಸ್ಸು. ಅವರಲ್ಲಿ ಬಹಳ ಮಂದಿ ಇಂದು ಇಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಈ ಪೆಂಡಾಲಿನಲ್ಲಿ ಕುಳಿತಿದ್ದೀರಿ. ಎಷ್ಟೋ ತಾಯಂದಿರ ಫೋಟೋ ಕೂಡ ಮನೆಯಲ್ಲಿಲ್ಲ. ಅವರು ಹಾಡಿದ್ದು ನಾಲ್ಕು ಫ್ಲಾಪಿಯಲ್ಲಿತ್ತು. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ತಪ್ಪಿದಲ್ಲಿ ತಿದ್ದಿ ಸಮಿತಿಗೆ ಒಪ್ಪಿಸಿದ್ದೇನೆ. ತಿದ್ದುವುದಕ್ಕೆ ನಮ್ಮ ಹತ್ತನೆಯ ತರಗತಿಯ ಆರು ಹೆಣ್ಣುಮಕ್ಕಳು ದೀಪಾವಳಿ ರಜೆಯಲ್ಲಿ ಕುಳಿತರು. ಪದದ ಅರ್ಥ ತಿಳಿಯದೆ ಇದ್ದಾಗ ಮನೆಗೆ ಹೋಗಿ ಅಜ್ಜಿಯರನ್ನು ಕೇಳಿ ಬಂದರು. ಈ ಮಹೋತ್ಸವ ಸಂಪುಟದ ಕೊನೆಯ ಭಾಗದಲ್ಲಿ ಆ ಪದಗಳು ಅಚ್ಚಾಗಲಿವೆ. ನಮ್ಮವ್ವಾ, ಆಟ ಆಡಿದ್ದಕ್ಕೆ ಇದು ಲಾಭ.

ಒಂದೆರಡು ಎಚ್ಚರಿಕೆಯ ಮಾತು. ಹಳೆಯ ಆಟಗಳಿಗೂ ತಂತ್ರಾಂಶಗಳಿಗೂ ಒಡೆಯರು ಇದ್ದಾರೆ. ಹಳೆಯದಾಯಿತೆಂದು ಹಕ್ಕು ಹೋಗುವುದಿಲ್ಲ. ನಿಮ್ಮ ಬಳಿ ಇರುವ ಡಿಸ್ಕನ್ನು ಉಳಿಸಿಕೊಳ್ಳಿ, ಕದ್ದದ್ದನ್ನು ಹಂಚಬೇಡಿ. ವರ್ಚುವಲ್ ಮಷೀನಿನೊಳಗಿನ ಹಳೆಯ ವಿಂಡೋಸನ್ನು ಇಂಟರ್‌ನೆಟ್ಟಿಗೆ ಜೋಡಿಸಬೇಡಿ. ವಿಂಡೋಸ್ ಎಕ್ಸ್‌ಪಿಗೆ ಸಹ 2014ರ ಏಪ್ರಿಲ್‌ನಿಂದ ರಕ್ಷಣೆಯ ತಿದ್ದುಪಡಿ ನಿಂತಿದೆ. ಹಳೆಯ ಮನೆಗೆ ಬಾಗಿಲಿಲ್ಲ ಎಂದು ತಿಳಿದುಕೊಳ್ಳಿ.

ಕೊನೆಯದಾಗಿ ಒಂದು ಬೇಡಿಕೆ, ಒಂದು ಮಾತು ಕೊಡುವುದು. ಬೇಡಿಕೆ ಏನೆಂದರೆ, ಮನೆಯಲ್ಲಿ, ಪಂಚಾಯಿತಿಯಲ್ಲಿ, ಸಹಕಾರಿ ಸಂಘದಲ್ಲಿ, ಮಠದಲ್ಲಿ, ಯುವಕ ಮಂಡಳದಲ್ಲಿ ಹಳೆಯ ಫ್ಲಾಪಿ, ಸಿಡಿ, ಕೆಟ್ಟ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಕೇಳಿ. ಸರಕಾರ 2000ದ ದಶಕದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆಯಡಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತ್ತು. ಅಂಥ ಯಂತ್ರಗಳ ಹಾರ್ಡ್‌ಡಿಸ್ಕಿನಲ್ಲಿ ಯಾವ ಶಾಲೆಯ ಯಾವ ನೆನಪು ಇದೆಯೋ ಯಾರು ಬಲ್ಲರು? ಇಂದು ಮೊಬೈಲಿನಲ್ಲಿ ಇರುವುದಕ್ಕೂ ಇದೇ ಮಾತು. ಮುಖ್ಯವಾದದ್ದನ್ನು ಮೂರು ಕಡೆ ಇಡಿ, ಯೂನಿಕೋಡಿನಲ್ಲಿ ಇಡಿ, ಸಾಧ್ಯವಾದರೆ ಕಾಗದದ ಮೇಲೂ ಅಚ್ಚು ಹಾಕಿಸಿ. ಮೇಲೆ ಏನಿದೆ ಎಂದು ಚೀಟಿ ಬರೆದು ಅಂಟಿಸಿ. 'ಅಕ್ಷರ' ಎಂಬ ಒಂದು ಚೀಟಿ ನಮ್ಮನ್ನು ಉಳಿಸಿತು.

ಮಾತು ಕೊಡುವುದು ಏನೆಂದರೆ, ಫ್ಲಾಪಿ ಡ್ರೈವ್, ಸಿಡಿ ಡ್ರೈವ್, ವರ್ಚುವಲ್ ಮಷೀನ್ ಸಿದ್ಧವಿರುವ ಒಂದು ಕಂಪ್ಯೂಟರನ್ನು ನಮ್ಮ ತಂಡದ ಗೆಳೆಯರು ಸೇರಿ ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇವೆ. ಅದನ್ನು ನಡೆಸುವುದನ್ನು ಆ ಆರು ಹೆಣ್ಣುಮಕ್ಕಳು ಈಗಾಗಲೇ ಕಲಿತಿದ್ದಾರೆ, ಕಿರಿಯರಿಗೆ ಕಲಿಸುತ್ತಾರೆ. ಪ್ರತಿ ತಿಂಗಳ ಎರಡನೆಯ ಶನಿವಾರ ಯಾರು ಬೇಕಾದರೂ ತಮ್ಮ ಹಳೆಯ ಕಡತ ತಂದು ಓದಿಸಿಕೊಳ್ಳಬಹುದು, ದುಡ್ಡಿಲ್ಲ. ಅದರಲ್ಲಿ ಟ್ಯಾಂಕ್ ಆಟವೂ ಇದೆಯೇ ಎಂದು ಹಿಂದಿನ ಸಾಲಿನ ಹುಡುಗರು ಆಗಲೇ ಕೇಳಿದ್ದಾರೆ. ಕೆಲಸ ಮುಗಿದ ಮೇಲೆ ನೋಡೋಣ.